ಗಾಳಿಯಿಲ್ಲದ ಲೋಕಕ್ಕೆ ಅರ್ಥ ಹೇಳಿದ್ದು

ನಮ್ಮ ದೇವರ ಮನೆಯ ಬಾಗಿಲ ಹಿಂದೆ ಒಂದು ಮೊಳೆಯಿದೆ. ಅದಕ್ಕೆ ಇಂಥದ್ದನ್ನೇ ನೇತುಹಾಕಬೇಕೆಂಬ ಕಟ್ಟಳೆ ಏನಿಲ್ಲ. ಜಪಮಣಿಯ ಚೀಲ, ಹೋದ ವರ್ಷದ ಪಂಚಾಂಗ, ಛತ್ರಿ, ಯಾರದೋ ಮುಂಜಿವೆಯಲ್ಲಿ ಕೊಟ್ಟ ಕೈಚೀಲ, ಎಲ್ಲ ಒಂದರ ಮೇಲೊಂದು ಅಲ್ಲೇ. ನೀವು ಒಪ್ಪದಿದ್ದರೂ ನಿಮ್ಮ ಮನೆಯಲ್ಲೂ ಇಂಥದೊಂದು ಮೊಳೆ ಇದ್ದೇ ಇರುತ್ತದೆ. ಮೊನ್ನೆ ಏಕಾದಶಿಯ ಮುಂಜಾನೆ ಜಪಮಣಿ ತೆಗೆಯಲು ಹೋದರೆ ಅದರ ಜೊತೆ ಒಂದು ನೀಲಿ ಪಟ್ಟಿ ಜಾರಿ ಕೈಗೆ ಬಂತು. ಪಟ್ಟಿಯ ತುದಿಗೆ ಪ್ಲಾಸ್ಟಿಕ್ಕಿನ ಚೀಟಿ. ಚೀಟಿಯ ಮೇಲೆ ಒಂದು ರಾಕೆಟ್ಟು, ರಾಕೆಟ್ಟಿನ ಹೊಗೆಯಲ್ಲಿ ನನ್ನ ಹೆಸರು, ಹೆಸರಿನ ಕೆಳಗೆ ‘ಅತಿಥಿ ಭಾಷಣಕಾರರು’. ಜಪ ಅವತ್ತು ಅರ್ಧಕ್ಕೇ ನಿಂತಿತು. ದೇವರಿಗೆ ಇದೇನು ಹೊಸತಲ್ಲ. ಒಗ್ಗರಣೆ ಸೀದಿತೆಂದು ನಾನು ಜಪ ಬಿಟ್ಟು ಎದ್ದದ್ದನ್ನು ಅವನು ಎಷ್ಟೋ ಸಲ ಸಹಿಸಿದ್ದಾನೆ.

ಸವಣೂರಿನ ಒಂದು ಓಣಿಯಲ್ಲಿ ಅನ್ನ ಸಾರು ಮಾಡಿಕೊಂಡಿರುವ ನನ್ನಂಥವಳು ಯಾವ ಸಭೆಯಲ್ಲಿ ಭಾಷಣ ಮಾಡಿಯಾಳು ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಕಥೆಗಳವರ ದೊಡ್ಡ ಸಮ್ಮೇಳನ ಅದು. ಬೇರೆ ಗ್ರಹ, ಬೇರೆ ಕಾಲ, ಯಂತ್ರದ ಮನುಷ್ಯರು, ಇಂಥ ಕಥೆಗಳನ್ನು ಓದುವವರು, ಬರೆಯುವವರು, ನೋಡುವವರು ಸಾವಿರಗಟ್ಟಲೆ ಸೇರುತ್ತಾರೆ. ಅರ್ಧಕ್ಕರ್ಧ ಜನ ಆ ಕಥೆಗಳೊಳಗಿನವರ ಹಾಗೆಯೇ ವೇಷ ಹಾಕಿಕೊಂಡು ಬರುತ್ತಾರೆ. ನಾನೂ ವೇಷ ಹಾಕಿದ್ದೆ. ನಗಬೇಕೆನಿಸಿದರೆ ಈಗಲೇ ನಕ್ಕುಬಿಡಿ, ಮುಂದೆ ನಗುವ ಜಾಗ ಕಡಿಮೆ.

ಕರೆ ಬಂದದ್ದು ನನಗಲ್ಲ, ನನ್ನ ಮಗಳು ವಾರಿಜಾಗೆ. ಅವಳು ಶಿಗ್ಗಾಂವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ದಿನಾ ಮುಂಜಾನೆ ಸವಣೂರಿನಿಂದ ಬಸ್ಸು, ಸಂಜೆ ಅದೇ ಬಸ್ಸು. ಪಾಠ ಹೇಳಿ ಸುಮ್ಮನಿರುವ ಜಾತಿಯಲ್ಲ. ಗ್ರಹಗಳ ಪಾಠ ಬಂದರೆ ಹುಡುಗಿಯರಿಗೆಲ್ಲ ಆಯಾ ಗ್ರಹದವರ ವೇಷ ಕಟ್ಟಬೇಕು. ರಟ್ಟು, ಬಿಸ್ಕೀಟಿನ ಬೆಳ್ಳಿ ಕಾಗದ, ಹಳೆಯ ಎಕ್ಸ್‌ರೇ ಹಾಳೆ, ನನ್ನ ಹರಿದ ಸೀರೆಯ ಜರಿ, ಯಾವುದೂ ಅವಳ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವುಗಳ ಫೋಟೋ ಫೋನಿನಲ್ಲಿ ಹಾಕುತ್ತಿದ್ದಳು. ಅದನ್ನು ನೋಡಿದ ಸಮ್ಮೇಳನದವರು, ‘ಮನೆಯ ಸಾಮಾನಿನಲ್ಲಿ ಬೇರೆ ಲೋಕ ಕಟ್ಟುವುದು’ ಎಂಬ ಗೋಷ್ಠಿಗೆ ಬಂದು ಮಾತಾಡಿ ಎಂದು ಕರೆದಿದ್ದರು.

ಆ ಕರೆ ಬಂದ ಮೇಲೆಯೇ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿದ್ದು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗಡ್ಡೆ ದನಿಯ ನರಕ್ಕೇ ಸುತ್ತಿಕೊಂಡಿತ್ತಂತೆ. ಡಾಕ್ಟರು ಹೊರಗೆ ಬಂದು, “ಗಡ್ಡಿ ಪೂರಾ ತಗದೇವಿ. ನರಾ ಉಳಸಾಕ ಆಗಲಿಲ್ಲ. ಪಿಸುಮಾತಿನಷ್ಟು ಬಂದ್ರ ಬರಬಹುದು, ಮೊದಲಿನ ದನಿ ಬರೂದಿಲ್ಲ. ಜೀವಕ್ಕ ಅಂಜಿಕಿಲ್ಲ” ಎಂದರು. ಕಡೆಯ ಮಾತನ್ನು ಮಾತ್ರ ಹಿಡಿದುಕೊಂಡು ನಾನು ಅಲ್ಲೇ ಗೋಡೆಗೆ ಕೈ ಮುಗಿದೆ. ದೇವರು ಏನು ಕೊಟ್ಟ ಎಂದು ಎಣಿಸುವುದು ನನ್ನ ಹಳೆಯ ಚಾಳಿ. ಜೀವ ಕೊಟ್ಟ. ಕೈ ಬೆರಳು ಕೊಟ್ಟ. ಉಣ್ಣಲು ನುಂಗಲು ತೊಂದರೆ ಮಾಡಲಿಲ್ಲ. ಹೀಗೆ ಎಣಿಸುತ್ತ ಹೋದರೆ ಇಲ್ಲದ್ದರ ಕಡೆಗೆ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ ಎಂಬುದು ನನ್ನ ಉಪಾಯ. ಆ ದಿನಗಳಲ್ಲಿ ನಿದ್ದೆ ಬರಲಿಲ್ಲ.

ಮನೆಗೆ ಬಂದಾಗ ಆಷಾಢ. ಚಾತುರ್ಮಾಸ್ಯ ಹತ್ತಿತ್ತು. ನಮ್ಮವರಲ್ಲಿ ಆ ನಾಲ್ಕು ತಿಂಗಳು ಒಬ್ಬರು ಕಾಯಿಪಲ್ಲೆ ಬಿಡುತ್ತಾರೆ, ಒಬ್ಬರು ಹಾಲು ಬಿಡುತ್ತಾರೆ, ಕೆಲವರು ಮಾತೂ ಬಿಡುತ್ತಾರೆ. ಕೊರಳಿಗೆ ಸೆರಗು ಸುತ್ತಿಕೊಂಡು ಬಾಯಿ ತೆರೆಯದೆ ಕೂತ ವಾರಿಜಾಳನ್ನು ನೋಡಿ ಮಠದ ಓಣಿಯ ಹೆಂಗಸರು ತಾವೇ ತೀರ್ಮಾನಿಸಿಬಿಟ್ಟರು. “ಈ ವಯಸ್ಸಿನಾಗ ಮೌನ ಹಿಡಿದಾಳ ನೋಡ್ರಿ! ನಮಗ ಒಂದು ತಾಸು ಬಾಯಿ ಮುಚ್ಚಾಕ ಆಗೂದಿಲ್ಲ” ಎಂದರು. ಅವರ ಭ್ರಮೆ ಬಿಡಿಸುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಯಾರೋ ಅವಳ ಕಾಲಿಗೆ ಬಿದ್ದರು. ಯಾರೋ ಎಲೆ ಅಡಿಕೆ ತಂದಿಟ್ಟರು. ಕಾರ್ತಿಕದಲ್ಲಿ ತುಳಸಿ ಲಗ್ನವಾಗಿ ವ್ರತಗಳೆಲ್ಲ ಮುಗಿದ ಮರುದಿನ, ಅವಳ ಮೊದಲ ಮಾತು ಕೇಳಬೇಕೆಂದು ಆರೇಳು ಜನ ನಮ್ಮ ಪಡಸಾಲೆಯಲ್ಲಿ ಬಂದು ಕೂತರು. “ದೇವರ ಹೆಸರು ಹೇಳವಾ ಮೊದಲ” ಎಂದರು ಒಬ್ಬರು. ವಾರಿಜಾ ಎಲ್ಲರಿಗೂ ಕೈ ಮುಗಿದು ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ಅವತ್ತು ನಾನು ನಿಜ ಹೇಳಿದೆ. ಅವರೆಲ್ಲ ಎದ್ದು ಹೋಗುವಾಗ ಮೆಟ್ಟು ಹಾಕಿಕೊಳ್ಳುವ ಸಪ್ಪಳವೂ ಆಗದಂತೆ ಹೋದರು.

ಅಂದಿನಿಂದ ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಗಂಟಲಲ್ಲಿ ಒಂದಿಷ್ಟು ಪಿಸುಗುಟ್ಟುವ ಉಸಿರು ಹುಟ್ಟಿದೆಯೆಂದು ಡಾಕ್ಟರು ಹೇಳುತ್ತಿದ್ದರೇ ಹೊರತು ನನಗೆ ಕೇಳಿಸಿರಲಿಲ್ಲ. ನನ್ನೆದುರೂ ಫೋನಿನಲ್ಲಿ ಬರೆದು ತೋರಿಸುವಳು. ಬಂದವರಿಗೆ ಉತ್ತರ ಕೊಡುವವಳು ನಾನು. “ಊಟ ಆತೇನವಾ?” ಎಂದು ಅವಳನ್ನು ಕೇಳಿದರೆ “ಆತ್ರಿ” ಎನ್ನುವವಳು ನಾನು. “ಶಾಲಿಗೆ ಎಂದ ಹೋಗ್ತಿ?” ಎಂದರೆ “ನೋಡೂಣ್ರಿ” ಎನ್ನುವವಳೂ ನಾನೇ. ಶಾಲೆಯ ಹೆಡ್‌ಮಿಸ್ಟ್ರೆಸ್ಸು ಒಳ್ಳೆಯವರು. ಜಾಗ ಯುಗಾದಿಯವರೆಗೆ ಹಾಗೇ ಇಟ್ಟಿರುತ್ತೇನೆ, ಮೈಕು ಕಟ್ಟಿಕೊಂಡಾದರೂ ಪಾಠ ಮಾಡಲಿ ಎಂದಿದ್ದರು. ಅದಕ್ಕೆ ವಾರಿಜಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಮ್ಮೇಳನದವರಿಗೆ ಮಾತ್ರ ಇದ್ದದ್ದನ್ನು ಬರೆದಳು. ಯಾರಾದರೂ ಜೊತೆಗೆ ಬಂದು ನಿಮ್ಮ ಮಾತು ಓದಿ ಹೇಳಿದರೂ ಆಯಿತು, ಬನ್ನಿ ಎಂದು ಅವರು ಉತ್ತರಿಸಿದರು. ಆಗ ನನ್ನ ಮುಂದೆ ಫೋನು ಹಿಡಿದಳು: ‘ನೀ ಬಾ. ಇದೊಂದು ಸಲ. ಇದರ ಮ್ಯಾಲೆ ನಾ ಯಾರ ಮುಂದೂ ನಿಲ್ಲೂದಿಲ್ಲ.’

ಆ ಕಡೆಯ ಸಾಲನ್ನು ಎರಡೆರಡು ಸಲ ಓದಿದೆ. ಒಳಕೋಣೆಯ ಅಗಳಿ ಇವಳು ಜನ್ಮಪೂರ್ತಿ ಹಾಕಿಕೊಳ್ಳುತ್ತಾಳೆ ಎನಿಸಿತು. ಬೆಂಗಳೂರಿನಲ್ಲಿ ನಾಲ್ಕು ಜನ ಅವಳನ್ನು ಮೆಚ್ಚಿದರೆ ಮನಸ್ಸು ತಿರುಗೀತು. ಹೊರಟೆ.

ಅವಳು ಕಟ್ಟಿದ್ದು ಗಾಳಿಯಿಲ್ಲದ ಒಂದು ಲೋಕ. ಗಾಳಿಯಿಲ್ಲದ ಕಡೆ ಶಬ್ದ ಹುಟ್ಟುವುದಿಲ್ಲವಂತೆ. ಹಾಗಾಗಿ ಅಲ್ಲಿಯ ಜನಕ್ಕೆ ಮಾತಿಲ್ಲ. ಅಂಗೈಯಲ್ಲಿ ದೀಪ ಹತ್ತಿಸಿ ಆರಿಸಿ ಒಬ್ಬರಿಗೊಬ್ಬರು ಹೇಳಬೇಕಾದ್ದು ಹೇಳುತ್ತಾರೆ. ಸಣ್ಣ ಸೆಲ್ಲು, ಸಣ್ಣ ಬಲ್ಬು, ಬಳೆಯೊಳಗೆ ತಂತಿ. ತಲೆಗೆ ಶಿರಸ್ತ್ರಾಣ ಬೇಕಿತ್ತು. ಅದಕ್ಕೆ ಸಾಮಾನು ಕೊಟ್ಟವಳು ಪಕ್ಕದ ಮನೆಯ ಬೀಬಿಜಾನ್. ಅವಳ ಗಂಡನದು ಎಲೆತೋಟ. ವೀಳ್ಯದೆಲೆ ತುಂಬಿ ಕಳಿಸುವ ಬಿದಿರ ಬುಟ್ಟಿಗಳು ಅವರ ಹಿತ್ತಲಲ್ಲಿ ರಾಶಿ ಬಿದ್ದಿರುತ್ತವೆ. ಎರಡು ತಂದು ಕಟ್ಟೆಯ ಮೇಲಿಟ್ಟಳು.

“ವೈನಿ, ಇದರ ಮ್ಯಾಲೆ ಬೆಳ್ಳಿ ಕಾಗದಾ ಹಚ್ಚಿ ತೆಲಿ ಮ್ಯಾಲೆ ಇಟಗೋತೀರಿ?”

“ಹೂಂನವಾ.”

“ನೀವೂ?”

“ನಾನೂ.”

“ಯಾ ಅಲ್ಲಾ! ಮುಟ್ಟಿದ್ರ ಜಳಕಾ ಮಾಡೂ ವೈನಿ, ನಮ್ಮ ಎಲಿಬುಟ್ಟಿ ಹೊತ್ತು ಬೆಂಗಳೂರಿಗೆ ಹೊಂಟಾರ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಒಳಕೋಣೆಯ ಕಡೆ ನೋಡಿ, ದನಿ ಇಳಿಸಿ, “ಹೋಗ್ರಿ ವೈನಿ. ಆ ಹುಡುಗಿ ಮನ್ಯಾಗ ಬತ್ತಾಕತ್ತಾಳ” ಎಂದಳು. ನೆರೆಹೊರೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ.

ನನ್ನ ವೇಷಕ್ಕೆ ವಾರಿಜಾ ಬಹಳ ಕಷ್ಟಪಡಲಿಲ್ಲ. ‘ಕಚ್ಚಿ ಸೀರಿ ಉಟಗೋ, ಸಾಕು. ಬ್ಯಾರೆ ಗ್ರಹದಿಂದ ಬಂದಂಗ ಕಾಣ್ತಿ’ ಎಂದು ಬರೆದಳು. ಬೆಂಗಳೂರಿನ ಛತ್ರದಲ್ಲಿ ಮಿಂದು, ಹಳೆಯ ಹತ್ತಿ ಸೀರೆಯ ಕಚ್ಚೆ ಹಾಕಿ, ಹೆಗಲಿಗೆ ಬೆಳ್ಳಿ ಪಟ್ಟಿ, ತಲೆಗೆ ಬುಟ್ಟಿ, ಅಂಗೈಗೆ ದೀಪ ಕಟ್ಟಿಕೊಂಡು ಆಟೋ ಹತ್ತಿದೆವು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ಕಡೆಗೆ, “ಯಾವ ನಾಟಕ ಕಂಪನಿ ಅಮ್ಮ?” ಎಂದ. “ಸವಣೂರಿನವ್ರು” ಎಂದೆ. ಇನ್ನೇನು ಹೇಳಲಿ?

ಬಾಗಿಲಲ್ಲಿ ನಮ್ಮಿಬ್ಬರ ಕೊರಳಿಗೂ ‘ಅತಿಥಿ ಭಾಷಣಕಾರರು’ ಎಂಬ ಚೀಟಿ ಹಾಕಿದರು. ಒಳಗೆ ಹೋಗಿ ನೋಡಿದರೆ ನಾವೇ ಸಾದಾ ಮನುಷ್ಯರು. ತಗಡಿನ ಮೈಯವರು, ಮುಖಕ್ಕೆ ನೀಲಿ ಬಳಿದುಕೊಂಡವರು, ಬಾಲದವರು, ಎರಡು ತಲೆಯವರು. ಎಲ್ಲರೂ ಬಾಲ ಎತ್ತಿ ಹಿಡಿದುಕೊಂಡು ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದರು. ಹೊರಗಿನದು ತಿನ್ನುವುದಿಲ್ಲವೆಂದು ನಾನು ಅವಲಕ್ಕಿ ಮತ್ತು ಮನೆಯಲ್ಲೇ ಕರಿದ ನಮ್ಮೂರ ಖಾರಾ ಕಟ್ಟಿಕೊಂಡು ಹೋಗಿದ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಪಕ್ಕದಲ್ಲೊಬ್ಬ ಯಂತ್ರಮಾನವ ಹಸಿದು ಕೂತಿದ್ದ. ಒಂದು ಹಿಡಿ ಕೊಟ್ಟೆ. ಅವನು ತಗಡಿನ ದವಡೆ ಎತ್ತಿ ಬಾಯಿಗೆ ಹಾಕಿಕೊಂಡ. ಒಂದು ಗಳಿಗೆಯಲ್ಲಿ ತಗಡಿನೊಳಗಿಂದ, “ಆಂಟೀ, ನೀರು!” ಎಂಬ ಕೂಗು ಬಂತು.

ಆ ಅರ್ಧ ದಿನ ವಾರಿಜಾಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಮಾತಾಡದಿದ್ದದ್ದು ವೇಷದ ಭಾಗವೆಂದೇ ಎಲ್ಲರೂ ತಿಳಿದರು. ಅವಳು ಅಂಗೈ ದೀಪ ಹತ್ತಿಸಿದರೆ ಎದುರಿನವರು ತಲೆಬಾಗಿ ತಮ್ಮ ಫೋನಿನ ದೀಪ ಹತ್ತಿಸಿದರು. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನೋಡಿದ ನಗು. ಇದನ್ನೂ ಎಣಿಕೆಗೆ ಸೇರಿಸಿಕೊಂಡೆ. ಆದರೆ ಸೇರಿಸಿಕೊಳ್ಳುವಾಗಲೇ ಒಳಗೊಂದು ಮುಳ್ಳು ಮುರಿದಂತಾಯಿತು. ಮನುಷ್ಯರಲ್ಲದವರ ವೇಷ ಹಾಕಿದರೆ ಮಾತ್ರ ನನ್ನ ಮಗಳು ಮನುಷ್ಯರ ನಡುವೆ ಓಡಾಡಬಲ್ಲಳು. ಬುಟ್ಟಿ ಇಳಿಸಿದ ಮೇಲೆ?

ಇಲ್ಲಿ ಸ್ವಲ್ಪ ನನ್ನ ತವರು ಹಾನಗಲ್ಲಿಗೆ ಹೋಗಿ ಬರಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಪ್ಪ ಪುರಾಣ ಹೇಳುತ್ತಿದ್ದರು. ಸಂಜೆಗೆ ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದರು. ಅಪ್ಪನಿಗೆ ಮಣೆ. ಪಕ್ಕದಲ್ಲಿ ನೆಲದ ಮೇಲೆ ಓದುವವಳು ನಾನು. ಕಣ್ಣು ಚುರುಕು, ದನಿ ಚೊಕ್ಕ ಎಂದು ನನಗೆ ಆ ಕೆಲಸ. ನಾನು ಒಂದು ಸಾಲು ಓದಿ ನಿಲ್ಲಿಸಬೇಕು. ಅಪ್ಪ, “ಅಂದ್ರ ಏನು?” ಎಂದು ಸುರು ಮಾಡಿದರೆ ಆ ಒಂದು ಸಾಲಿಗೆ ಅರ್ಧ ತಾಸು ಅರ್ಥ. ನಡುವೆ ದೃಷ್ಟಾಂತ, ನಡುವೆ ನಗೆ, ನಡುವೆ ಕಣ್ಣೀರು. ಕೇಳುವವರು ತಲೆದೂಗುವುದು ಅಪ್ಪನಿಗೆ. ನಾನು ಬೆರಳನ್ನು ಮುಂದಿನ ಸಾಲಿನ ಮೇಲಿಟ್ಟುಕೊಂಡು ಬಾಯಿ ಮುಚ್ಚಿ ಕೂತಿರಬೇಕು. ಕಾಲು ಜೋಮು ಹಿಡಿಯುತ್ತಿತ್ತು. ಒಮ್ಮೆ ಅಪ್ಪ ಕೆಮ್ಮಲು ನಿಲ್ಲಿಸಿದಾಗ ನಾನೇ “ಅಂದ್ರ ಏನಂದ್ರ” ಎಂದು ಬಾಯಿ ಹಾಕಿದ್ದೆ. ಅಪ್ಪ ನೀರು ಕುಡಿದು, “ತಂಗಿ, ನೀ ಓದು. ಅರ್ಥಾ ನನ್ನ ಪಾಲಿಂದು” ಎಂದರು. ಎಲ್ಲರೂ ನಕ್ಕರು. ಒಂದು ದಿನವಾದರೂ ಆ ಮಣೆಯ ಮೇಲೆ ಕೂಡಬೇಕೆಂಬ ಆಸೆ ಲಗ್ನವಾಗಿ ಸವಣೂರಿಗೆ ಬಂದರೂ ಹೋಗಿರಲಿಲ್ಲ. ಇಷ್ಟು ವರ್ಷ ಅದು ಅಡಿಗೆಮನೆಯಲ್ಲಿ ಸುಮ್ಮನೆ ಕೂತಿತ್ತು.

ಗೋಷ್ಠಿ ಸುರುವಾಯಿತು. ವೇದಿಕೆಯ ಮೇಲೆ ಐದು ಕುರ್ಚಿ, ಎದುರಿಗೆ ತುಂಬಿದ ಸಭೆ. ನಡೆಸಿಕೊಡುವ ತರುಣ ಬಹಳ ವಿನಯದವನು. “ವಾರಿಜಾ ಅವರು ಬರೆದು ತೋರಿಸ್ತಾರೆ, ಅವರ ತಾಯಿ ಓದಿ ಹೇಳ್ತಾರೆ” ಎಂದು ಪರಿಚಯ ಮಾಡಿ ಮೈಕನ್ನು ನನ್ನ ಕೈಗೆ ಕೊಟ್ಟ. ವಾರಿಜಾ ಫೋನಿನಲ್ಲಿ ಬರೆದು ನನ್ನತ್ತ ತಿರುಗಿಸಿದಳು. ನಾನು ಓದಿದೆ: “ಗಾಳಿ ಇಲ್ಲದ ಕಡೆ ಶಬ್ದ ಇಲ್ಲ. ಅದಕ್ಕ ಈ ಲೋಕದವರು ಬೆಳಕಿನಿಂದ ಮಾತಾಡ್ತಾರ.”

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಸಭೆ ನನ್ನನ್ನೇ ನೋಡುತ್ತಿತ್ತು. ನನ್ನ ಬಾಯಿಂದ ತಾನಾಗಿ ಬಂತು:

“ಅಂದ್ರ ಏನ್ರಿ? ಒಲಿ ಮ್ಯಾಲೆ ಹಾಲು ಉಕ್ಕಿದ್ರ ಅಲ್ಲೆ ಯಾರೂ ಒದರೂದಿಲ್ಲ. ಅತ್ತಿ ಕರದದ್ದು ಸೊಸಿಗೆ ಕೇಳೂದಿಲ್ಲ. ಗಂಡಾ ಗೊರಕಿ ಹೊಡದ್ರೂ ಹೆಂಡತಿಗೆ ಸುಖನಿದ್ದಿ!”

ಸಭೆ ನಕ್ಕಿತು. ಆ ನಗೆ ನನ್ನ ತಲೆಗೆ ಏರಿತು. ವಾರಿಜಾ ಮುಂದಿನ ಸಾಲು ತೋರಿಸಿದಳು. ಓದಿದೆ, ಅರ್ಥ ಹೇಳಿದೆ. ಅವಳು ಬುಟ್ಟಿಯ ಬಗ್ಗೆ ಒಂದು ಸಾಲು ಬರೆದರೆ ನಾನು ಬೀಬಿಜಾನಳನ್ನು ತಂದೆ, ಅವಳ ನಗೆ ತಂದೆ, ನಮ್ಮೂರ ಎಲೆತೋಟ ತಂದೆ. ನಡುವೆ ಕಣ್ಣೀರೂ ಬರಬೇಕಲ್ಲ? ಆಪರೇಷನ್ನಿನ ಸುದ್ದಿಯನ್ನೂ ತಂದೆ, ಅವಳು ಅದನ್ನು ಬರೆದೇ ಇರಲಿಲ್ಲ. ಸಭೆಯ ಮುಂದಿನ ಸಾಲಿನವರು ಮೂಗು ಒರೆಸಿಕೊಂಡರು. ನಾನು ಹಾನಗಲ್ಲಿನ ಮಣೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಬಾಯಿ ಮುಚ್ಚಿ ಕೂತವಳ ಕಡೆ ನೋಡಲೇ ಇಲ್ಲ. ಅವಳ ಸಾಲುಗಳು ಗಿಡ್ಡವಾಗುತ್ತ ಹೋದದ್ದು ನನಗೆ ತಿಳಿಯಲಿಲ್ಲ. ಕೊನೆಗೆ ಫೋನು ಅವಳ ತೊಡೆಯ ಮೇಲೆ ಬೋರಲು ಮಲಗಿತ್ತು.

ಸಭೆಯಿಂದ ಒಬ್ಬ ಹೆಂಗಸು ಎದ್ದು ಕೇಳಿದರು. “ನನ್ನ ಪ್ರಶ್ನೆ ವಾರಿಜಾ ಅವರಿಗೆ. ಶಬ್ದವೇ ಗೊತ್ತಿಲ್ಲದ ಆ ಜನಕ್ಕೆ, ಶಬ್ದ ಬೇಕು ಅಂತ ಯಾವಾಗಲಾದರೂ ಅನ್ನಿಸುತ್ತಾ?”

“ಅನಸ್ತದ್ರಿ, ಪಾಪ” ಎಂದು ನಾನು ಸುರು ಮಾಡಿದೆ. “ಅನಸದ ಏನ್ರಿ? ತಾಯಿ ಕೂಗಿದ್ದು…”

ವಾರಿಜಾ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ತಲೆಯ ಬುಟ್ಟಿ ಇಳಿಸಿ ಪಕ್ಕಕ್ಕಿಟ್ಟಳು. ಸಭಾಂಗಣದ ಎರಡೂ ಬದಿಯ ದೊಡ್ಡ ಪೆಟ್ಟಿಗೆಗಳಿಂದ ಒಂದು ಸದ್ದು ಬಂತು. ಒಣಗಿದ ಜೋಳದ ದಂಟಿನ ಮೇಲೆ ಯಾರೋ ನಡೆದಂತೆ.

“ಅವ್ವಾ, ಸಾಕು.”

ಅದು ನನ್ನ ಮಗಳ ದನಿಯೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಮೊದಲಿನದು ಗಂಟೆಯಂಥ ದನಿ. ಆ ದನಿಯ ಒಂದು ಎಳೆಯೂ ಇದರಲ್ಲಿರಲಿಲ್ಲ. ಮನೆಯಲ್ಲಿ ನನ್ನಿಂದ ಅವಳು ಮುಚ್ಚಿಟ್ಟದ್ದು ಇದನ್ನೇ.

“ಅನಸ್ತದ” ಎಂದಳು. ಉಸಿರು ಎಳೆದುಕೊಂಡಳು. “ದಿನಾ ಮುಂಜಾನೆ ಅನಸ್ತದ.”

ಹಿಂದಿನ ಸಾಲಿನಿಂದ ಯಾರೋ, “ಕೇಳಿಸ್ತಿಲ್ಲ! ಆ ಅಮ್ಮನೇ ಹೇಳ್ಲಿ, ಚೆನ್ನಾಗಿ ಹೇಳ್ತಾರೆ” ಎಂದು ಕೂಗಿದರು. ನನ್ನ ಬಾಯಿ ಅರ್ಧ ತೆರೆದಿತ್ತು. ವಾರಿಜಾ ತಿರುಗಿ ನೋಡಿದಳು. ಕೋಪದ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇಡಿಕೊಳ್ಳುವ ನೋಟ ಅದು. ನಾನು ಬಾಯಿ ಮುಚ್ಚಿದೆ, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ. ಅಂಗೈಯ ದೀಪ ಸೀರೆಯೊಳಗೆ ಉರಿಯುತ್ತಲೇ ಇತ್ತು.

ಅವಳು ಉಸಿರಿಗೊಮ್ಮೆ ನಿಲ್ಲಿಸುತ್ತ ಮಾತಾಡಿದಳು. ಬುಟ್ಟಿ ಕಟ್ಟಿದ ಬಗೆ, ತಂತಿ ಎಳೆದ ಬಗೆ, ಶಾಲೆಯ ಹುಡುಗಿಯರು. ಅರ್ಧ ನನಗೇ ತಿಳಿಯಲಿಲ್ಲ. ಕೆಲವರು ಮುಂದಕ್ಕೆ ಬಾಗಿ ಕಿವಿಗೊಟ್ಟರು, ಕೆಲವರು ಎದ್ದು ಬೇರೆ ಗೋಷ್ಠಿಗೆ ಹೋದರು. ಸುಳ್ಳು ಯಾಕೆ ಹೇಳಲಿ? ಕಡೆಗೆ ಬಿದ್ದ ಚಪ್ಪಾಳೆ ನನ್ನ ನಗೆಚಾಟಿಕೆಗೆ ಬಿದ್ದದ್ದಕ್ಕಿಂತ ಸಣ್ಣದು. ಕೆಳಗಿಳಿದ ಮೇಲೆ ಫೋಟೋಕ್ಕೆಂದು ಜನ ಬಂದದ್ದೂ ನನ್ನ ಹತ್ತಿರ.

ಛತ್ರಕ್ಕೆ ಬಂದು ವೇಷ ಬಿಚ್ಚುವಾಗ ನಾನು ಕೇಳಿದೆ, “ಸಿಟ್ಟಾಗೀಯೇನ?”

ಅವಳು ಫೋನಿಗೆ ಕೈ ಹಾಕಿ, ತೆಗೆಯದೆ ಬಿಟ್ಟಳು. “ನಾ ಬರದದ್ದು ಒಂದೊಂದ ಸಾಲು” ಎಂದಳು ಆ ಒಣ ದಂಟಿನ ದನಿಯಲ್ಲಿ. “ನೀ ಊರೆಲ್ಲಾ ಹೇಳಿದಿ.”

“ಮೆಚ್ಚಲಿ ಅಂತ ಹೇಳಿದೆ, ವಾರೀ.”

“ಮೆಚ್ಚಿದ್ರಲಾ. ನಿನಗ.”

ಹೇಳಿ ಬೆಳ್ಳಿ ಕಾಗದ ಮಡಿಸತೊಡಗಿದಳು. ಅರ್ಥ ಹೇಳಹೋಗದೆ ನಾನು ಅಂಗೈಯ ದೀಪ ಬಿಚ್ಚಿ ಅವಳ ಮುಂದಿಟ್ಟೆ.

ಶಾಲೆಗೆ ಹೋಗುತ್ತಾಳೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಯುಗಾದಿ ಹತ್ತಿರ ಬಂತು. ಕೇಳುವುದಿಲ್ಲವೆಂದು ದೇವರ ಮುಂದೆ ನಿಯಮ ಮಾಡಿಕೊಂಡಿದ್ದೇನೆ. ನನಗೆ ಇದು ಕಾಯಿಪಲ್ಲೆ ಬಿಡುವುದಕ್ಕಿಂತ ಕಠಿಣ. ಊರಿಗೆ ಮರಳಿದ ಮುಂಜಾನೆಯದೊಂದು ಸಂಗತಿ ಮಾತ್ರ ನಿಮಗೆ ಹೇಳಿಬಿಡುತ್ತೇನೆ.

ಬೆಂಗಳೂರಿನ ಬಸ್ಸು ನಮ್ಮನ್ನು ಶಿಗ್ಗಾಂವಿಯಲ್ಲಿ ಇಳಿಸಿತು. ಅಲ್ಲಿಂದ ಸವಣೂರಿನ ಬಸ್ಸು, ಅವಳು ವರ್ಷಗಟ್ಟಲೆ ಓಡಾಡಿದ ದಾರಿ. ಆಪರೇಷನ್ ಆದ ಮೇಲೆ ಆ ಬಸ್ಸು ಹತ್ತಿರಲಿಲ್ಲ. ಬಸ್ಸು ಹಳೆಯದು, ಇಂಜಿನ್ನಿನ ಗದ್ದಲಕ್ಕೆ ಕಿಟಕಿಯ ಗಾಜುಗಳೆಲ್ಲ ನಡುಗುತ್ತಿದ್ದವು. ಕಂಡಕ್ಟರು ಹೊಸಬ, ತರುಣ, ಅವಸರದವನು. ನಮ್ಮ ಸೀಟಿನ ಹತ್ತಿರ ಬಂದು, “ಎಲ್ಲಿಗ್ರೀ?” ಎಂದ.

ನಾನು ಆಧಾರ್ ಕಾರ್ಡುಗಳನ್ನು ಮುಂದೆ ಹಿಡಿದೆ. ಬಾಯಿ ತೆರೆಯಲಿಲ್ಲ.

“ಎರಡು ಸವಣೂರು” ಎಂದಳು ವಾರಿಜಾ.

“ಹಾಂ?”

“ಎರಡು… ಸವಣೂರು.”

“ಅಕ್ಕಾರ, ಹೆಣ್ಮಕ್ಕಳಿಗೆ ಟಿಕೀಟು ಪುಕ್ಕಟೆ ಐತ್ರಿ. ಮಾತಿಗೂ ರೊಕ್ಕಾ ಹತ್ತೂದಿಲ್ಲ, ಜೋರ ಹೇಳ್ರಿ!”

ಹಿಂದಿನ ಸೀಟಿನವರು ನಕ್ಕರು. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಿಟಕಿಯ ಕಡೆ ತಿರುಗಿದೆ. ಹೊರಗೆ ಗೋವಿನಜೋಳದ ಹೊಲ ಸರಿಯುತ್ತಿತ್ತು, ಒಂದೂ ಕಾಣಲಿಲ್ಲ. ಪಕ್ಕದಲ್ಲಿ ಅವಳು ಎದ್ದು ನಿಂತದ್ದು ತಿಳಿಯಿತು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಮತ್ತೆ ಹೇಳಿದಳು. ಅವನು ನಗು ನಿಲ್ಲಿಸಿ ಅವಳ ಕೊರಳ ಗಾಯದ ಕಲೆಯನ್ನು ನೋಡಿರಬೇಕು. ನಾನು ತಿರುಗಿದಾಗ ಬಗ್ಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಿದ್ದ.

“ಎರಡು ಸವಣೂರ” ಎಂದ ಮೆತ್ತಗೆ. ಟಿಕೀಟಿನ ಯಂತ್ರ ಕಿರುಗುಟ್ಟಿ ಚೀಟಿ ಹೊರಹಾಕಿತು. ವಾರಿಜಾ ಕೈ ಚಾಚಿ ತನ್ನದನ್ನೂ ನನ್ನದನ್ನೂ ತಾನೇ ಇಸಿದುಕೊಂಡಳು.